ಹೊಗೆ ಬಿಡುವ ಆರ್‌ಸಿ ಟ್ರಕ್ಕನ್ನು ಬ್ಯಾಟರಿಗೆ ಬದಲಿಸುವುದು ಹೇಗೆ?

ಅಟ್ಟದ ಮೇಲೆ ರಿಮೋಟಿನಲ್ಲಿ ಓಡುವ (ಆರ್‌ಸಿ) ಹಳೆಯ ನೈಟ್ರೋ ಟ್ರಕ್ ಇದೆ. ಎಂಜಿನ್‌ನಲ್ಲಿ ಇನ್ನೂ ಜೀವ ಇದೆ. ಆದರೆ ಇಂಧನ ಸಿಗುವುದಿಲ್ಲ. ಬಳ್ಳಾರಿಯಲ್ಲಿ ರಿಮೋಟ್ ಗಾಡಿಯ ಹುಚ್ಚು ಹಚ್ಚಿಕೊಂಡವರಿಗೆ ಇದು ಗೊತ್ತಿರುವ ಕಥೆಯೇ. ನೈಟ್ರೋ ಇಂಧನ ಎಂದರೆ ಮೆಥನಾಲ್, ನೈಟ್ರೋಮೀಥೇನ್ ಮತ್ತು ಎಣ್ಣೆ ಸೇರಿಸಿದ ಮಿಶ್ರಣ. ಬೇಗ ಹೊತ್ತಿಕೊಳ್ಳುವ ದ್ರವ, ಹಾಗಾಗಿ ಸಾಮಾನ್ಯ ಕೊರಿಯರ್‌ನವರು ಮುಟ್ಟುವುದಿಲ್ಲ. ಬೆಂಗಳೂರಿಂದ ಬರುವವರ ಕೈಲಿ ತರಿಸೋಣ ಎಂದರೆ ರೈಲಿನಲ್ಲಿ ಒಯ್ಯುವಂತಿಲ್ಲ. ಹೇಗೋ ತರಿಸಿಟ್ಟರೂ ಡಬ್ಬಿಯ ಮುಚ್ಚಳ ಸ್ವಲ್ಪ ಸಡಿಲ ಉಳಿದರೆ ಮೆಥನಾಲ್ ಗಾಳಿಯ ತೇವ ಹೀರಿಕೊಂಡು ಕೆಡುತ್ತದೆ.

ಇನ್ನು ಭಾನುವಾರ ಬೆಳಗ್ಗೆ ಎಂಜಿನ್‌ನ ಕೂಗು ಕೇಳಿ ಪಕ್ಕದ ಮನೆಯವರು ಬಾಗಿಲಿಗೆ ಬಂದು ನಿಲ್ಲುವುದು ಬೇರೆ.

ಅದಕ್ಕೆ ಮದ್ದು, ಎಂಜಿನ್ ಇಳಿಸಿ ಬ್ಯಾಟರಿಯಲ್ಲಿ ಓಡುವ ಬ್ರಷ್‌ಲೆಸ್ ಮೋಟಾರ್ ಕೂರಿಸುವುದು. ಯಾವ ಮೋಟಾರ್, ಎಷ್ಟು ಸ್ಪೀಡ್ ಎಂದು ತಲೆ ಕೆಡಿಸಿಕೊಳ್ಳುವವರೇ ಜಾಸ್ತಿ. ನಾನು ಕಂಡ ಮಟ್ಟಿಗೆ ಬದಲಿಸಿದ ಗಾಡಿ ಕೆಡುವುದು ಮೋಟಾರ್ ಕಡಿಮೆ ಆಯಿತು ಅಂತ ಅಲ್ಲ. ಗೇರಿನ ಹಲ್ಲು ಸರಿಯಾಗಿ ಕೂರಲಿಲ್ಲ, ಇಲ್ಲವೇ ಬಿಸಿಯಾಯಿತು, ಅಷ್ಟೇ. ಆದ್ದರಿಂದ ಈ ಲೇಖನದಲ್ಲಿ ಆ ಎರಡಕ್ಕೇ ಜಾಸ್ತಿ ಜಾಗ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಹತ್ತಿರ ಹಳೆಯ ಗಾಡಿ ಇಲ್ಲದಿದ್ದರೆ ಬದಲಿಸುವುದಕ್ಕೋಸ್ಕರ ನೈಟ್ರೋ ಗಾಡಿ ಕೊಳ್ಳಬೇಡಿ. ಮೋಟಾರ್, ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಿಸುವ ಎಲೆಕ್ಟ್ರಾನಿಕ್ ಡಬ್ಬಿ), ಬ್ಯಾಟರಿ, ಚಾರ್ಜರ್ ಎಲ್ಲ ಸೇರಿಸಿದರೆ ಎಲೆಕ್ಟ್ರಿಕ್ ಗಾಡಿಯನ್ನೇ ಸಿದ್ಧವಾಗಿ ತರುವುದು ವಾಸಿ.

ಯಾವ ಗಾಡಿ ಸುಲಭ?

1/8 ಅಳತೆಯ (ನಿಜ ಗಾಡಿಯ ಎಂಟನೇ ಒಂದು ಭಾಗದಷ್ಟು) ಬಗ್ಗಿ ಮತ್ತು ಟ್ರಗ್ಗಿ, ಅಂದರೆ ದೊಡ್ಡ ಚಕ್ರದ ಬಗ್ಗಿ. ಇವುಗಳಲ್ಲಿ ಎಂಜಿನ್ ನೇರವಾಗಿ ನಡುವಿನ ಡಿಫರೆನ್ಷಿಯಲ್ (ಮುಂದಿನ, ಹಿಂದಿನ ಚಕ್ರಗಳಿಗೆ ಬಲ ಹಂಚುವ ಗೇರ್ ಪೆಟ್ಟಿಗೆ) ಮೇಲಿರುವ ದೊಡ್ಡ ಗೇರನ್ನು ತಿರುಗಿಸುತ್ತದೆ. ಆ ದೊಡ್ಡ ಗೇರೇ ಸ್ಪರ್. ಎಂಜಿನ್ ಇದ್ದ ಜಾಗದಲ್ಲಿ ಮೋಟಾರ್ ಕೂರಿಸಿ ಅದೇ ಸ್ಪರ್‌ಗೆ ಹಲ್ಲು ಕೊಟ್ಟರೆ ಅರ್ಧ ಕೆಲಸ ಆದ ಹಾಗೆ.

1999ರಲ್ಲಿ ಬಂದ ಟ್ರ್ಯಾಕ್ಸಾಸ್ ಟಿ-ಮ್ಯಾಕ್ಸ್‌ನಂಥ ಮಾನ್‌ಸ್ಟರ್ ಟ್ರಕ್ಕುಗಳಲ್ಲಿ ಸ್ವಲ್ಪ ತಲೆನೋವು ಇದೆ. ಅದರ ಗೇರ್ ಬಾಕ್ಸ್‌ಗೆ ಎರಡು ಸ್ಪೀಡು, ಜೊತೆಗೆ ರಿವರ್ಸ್. ಬ್ರಷ್‌ಲೆಸ್ ಮೋಟಾರ್ ನಿಂತಲ್ಲಿಂದಲೇ ಪೂರ್ತಿ ಎಳೆಯುತ್ತದೆ, ಎರಡನೇ ಗೇರ್ ಬೇಕಿಲ್ಲ. ರಿವರ್ಸನ್ನು ಇಎಸ್‌ಸಿಯೇ ಕೊಡುತ್ತದೆ. ಹಾಗಾಗಿ ಗೇರ್ ಬಾಕ್ಸ್ ಬಿಚ್ಚಿ ಒಂದೇ ಗೇರಿಗೆ ಲಾಕ್ ಮಾಡಬೇಕು. ಮೊದಲ ಸಲ ಮಾಡುವವರು ಟ್ರಗ್ಗಿಯಿಂದ ಶುರು ಮಾಡಿ.

ಬಿಚ್ಚುವುದು

ಎಂಜಿನ್, ಸೈಲೆನ್ಸರ್ ಪೈಪ್, ಟ್ಯಾಂಕ್, ಕ್ಲಚ್, ಥ್ರಾಟಲ್ ಸರ್ವೊ (ಎಂಜಿನ್‌ನ ಥ್ರಾಟಲ್ ಆಡಿಸುವ ಪುಟ್ಟ ಮೋಟಾರ್), ರಿಮೋಟಿನ ಸಂಕೇತ ಹಿಡಿಯುವ ರಿಸೀವರಿನ ಸಣ್ಣ ಬ್ಯಾಟರಿ, ಇವೆಲ್ಲ ಹೋಗುತ್ತವೆ. ಡಿಸ್ಕ್ ಬ್ರೇಕ್ ಕೂಡ ಬೇಡ. ಬ್ರೇಕ್ ಹಿಡಿಯುವುದು ಇನ್ನು ಮೋಟಾರಿನ ಕೆಲಸ. ಉಳಿಯುವುದು ಸ್ಟಿಯರಿಂಗ್ ಸರ್ವೊ ಮತ್ತು ರಿಸೀವರ್. ಕ್ಲಚ್ ಬೆಲ್ (ಸ್ಪರ್ ತಿರುಗಿಸುತ್ತಿದ್ದ ಸಣ್ಣ ಗೇರು ಇರುವ ಬಟ್ಟಲು) ಎಸೆಯುವ ಮುಂಚೆ ಅದರ ಹಲ್ಲು ಎಣಿಸಿ ಬರೆದಿಟ್ಟುಕೊಳ್ಳಿ, ಮುಂದೆ ಲೆಕ್ಕಕ್ಕೆ ಬೇಕು.

ಚಾಸಿಯ ಮೇಲೆ ವರ್ಷಗಟ್ಟಲೆ ಕೂತ ಎಣ್ಣೆ ಮತ್ತು ಕೆಮ್ಮಣ್ಣಿನ ಅಂಟು ಇರುತ್ತದೆ. ಸೀಮೆಎಣ್ಣೆಯಲ್ಲಿ ಹಳೆಯ ಬ್ರಷ್ ಅದ್ದಿ ಉಜ್ಜಿ, ಆಮೇಲೆ ಪಾತ್ರೆ ಸೋಪಿನಲ್ಲಿ ತೊಳೆದು ಒಣಗಿಸಿ. ಎಣ್ಣೆ ಪಸೆ ಉಳಿದರೆ ಡಬಲ್ ಟೇಪ್ ಹಿಡಿಯುವುದಿಲ್ಲ, ಸ್ಕ್ರೂ ಸಡಿಲವಾಗದಂತೆ ಹಚ್ಚುವ ಥ್ರೆಡ್ ಲಾಕ್ ಅಂಟು ಕೂಡ ಹಿಡಿಯುವುದಿಲ್ಲ.

ಇಳಿಸಿದ ಎಂಜಿನ್‌ಗೆ ನಾಲ್ಕು ಹನಿ ಎಣ್ಣೆ ಬಿಟ್ಟು, ಕೈಯಿಂದ ಎರಡು ಸುತ್ತು ತಿರುಗಿಸಿ, ಬಟ್ಟೆ ಸುತ್ತಿ ಇಡಿ. ಉಳಿದ ಮೆಥನಾಲ್ ಒಳಗಿನ ಬೇರಿಂಗಿಗೆ ತುಕ್ಕು ಹಿಡಿಸುತ್ತದೆ. ನಾಳೆ ಯಾರಿಗಾದರೂ ಬೇಕಾಗಬಹುದು, ಅಲ್ವಾ?

ಮೋಟಾರಿನ ಲೆಕ್ಕ

ಬ್ರಷ್‌ಲೆಸ್ ಮೋಟಾರಿನ ಮೇಲೆ ಕೆವಿ ಎಂದು ಒಂದು ಅಂಕಿ ಇರುತ್ತದೆ. ಅದು ಕಿಲೋವೋಲ್ಟ್ ಅಲ್ಲ. ಹೊರೆ ಇಲ್ಲದಾಗ ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬ ಲೆಕ್ಕ. ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿಯ ಒಂದು ಸೆಲ್ 3.7 ವೋಲ್ಟ್. ನಾಲ್ಕು ಸೆಲ್, ಅಂದರೆ 4ಎಸ್, 14.8 ವೋಲ್ಟ್. 2000 ಕೆವಿ ಮೋಟಾರಿಗೆ ಅದನ್ನು ಕೊಟ್ಟರೆ 29,600 ಸುತ್ತು. ಇಳಿಸಿದ ನೈಟ್ರೋ ಎಂಜಿನ್ ಕೂಡ ಹೆಚ್ಚುಕಡಿಮೆ ಇದೇ ಆಸುಪಾಸಿನಲ್ಲಿ ಸುತ್ತುತ್ತಿತ್ತು. ಹಾಗಾಗಿ ಹಳೆಯ ಗೇರುಗಳು ಇದಕ್ಕೂ ಹೊಂದುತ್ತವೆ.

ಈಗ ಸ್ಪೀಡು. ಸ್ಪರ್ 46 ಹಲ್ಲು, ಪಿನಿಯನ್ (ಕ್ಲಚ್ ಬೆಲ್ ಬದಲು ಮೋಟಾರಿನ ಶಾಫ್ಟಿಗೆ ಕೂರುವ ಸಣ್ಣ ಗೇರು) 15 ಹಲ್ಲು, ಮುಂದಿನ ಹಿಂದಿನ ಡಿಫರೆನ್ಷಿಯಲ್‌ಗಳಲ್ಲಿ 43ಕ್ಕೆ 11 ಎಂದು ಇಟ್ಟುಕೊಳ್ಳಿ. ಮೋಟಾರ್ ಸುಮಾರು 12 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು. ಟ್ರಗ್ಗಿಯ ಟೈರಿನ ಸುತ್ತಳತೆ 46 ಸೆಂ.ಮೀ. ಎಂದರೆ ಕಾಗದದ ಮೇಲೆ ಗಂಟೆಗೆ 68 ಕಿ.ಮೀ. ಪಿನಿಯನ್ 13ಕ್ಕೆ ಇಳಿಸಿದರೆ 59. ಮಣ್ಣಿನಲ್ಲಿ ಇದಕ್ಕಿಂತ ಕಡಿಮೆಯೇ ಬರುತ್ತದೆ, ಆದರೂ ಸಾಕೋ ಸಾಕು. ಸಣ್ಣ ಪಿನಿಯನ್‌ನಿಂದಲೇ ಶುರು ಮಾಡಿ. ಗಾಡಿ ನಿಧಾನ ಓಡಿದರೆ ಯಾರೂ ಸಾಯುವುದಿಲ್ಲ, ಮೋಟಾರ್ ಸುಟ್ಟರೆ ದುಡ್ಡು ಹೋಗುತ್ತದೆ.

1/8 ಗಾಡಿಗೆ 42 ಮಿ.ಮೀ. ದಪ್ಪ, 68 ಅಥವಾ 74 ಮಿ.ಮೀ. ಉದ್ದದ ಮೋಟಾರ್ ಸರಿ. ಅದಕ್ಕೆ 150 ಆಂಪಿಯರ್‌ನ ಇಎಸ್‌ಸಿ. ಇವೆರಡನ್ನೂ ಜೋಡಿಯಾಗಿಯೇ ಕೊಳ್ಳಿ.

ಮೌಂಟ್ ಮತ್ತು ಹಲ್ಲು

ಕೆಲಸದ ಜೀವಾಳ ಇಲ್ಲೇ ಇದೆ. ಮೋಟಾರ್ ಹಿಡಿದುಕೊಳ್ಳಲು ಮೌಂಟ್ ಬೇಕು. ಕೆಲವು ಮಾದರಿಗಳಿಗೆ ಸಿದ್ಧ ಕಿಟ್ ಸಿಗುತ್ತದೆ. ಸಿಗದಿದ್ದರೆ ಚಿಂತೆ ಬೇಡ, ಲಾರಿ ಓಡಾಡುವ ಊರು ನಮ್ಮದು, ಲೇತ್ ವರ್ಕ್ಸ್‌ಗೆ ಬರ ಇಲ್ಲ. ನಾನು ರಟ್ಟಿನಲ್ಲಿ ಆಕಾರ ಕತ್ತರಿಸಿಕೊಂಡು ಹೋಗಿ 6 ಮಿ.ಮೀ. ಅಲ್ಯೂಮಿನಿಯಂ ಪ್ಲೇಟಿನಲ್ಲಿ ಮಾಡಿಸಿದೆ. "ಇಷ್ಟು ಸಣ್ಣ ಗಾಡಿಗೆ ಇಷ್ಟು ದಪ್ಪ ಯಾಕಪ್ಪಾ?" ಎಂದು ಲೇತ್ ಅಣ್ಣ ನಕ್ಕರು. ತೆಳು ಪ್ಲೇಟ್ ಹಾಕಿದರೆ ಗಾಡಿ ಹಾರಿ ಬಿದ್ದಾಗ ಬಾಗುತ್ತದೆ, ಬಾಗಿದರೆ ಹಲ್ಲು ಬಿಡುತ್ತದೆ. ಇನ್ನೊಂದು ಲಾಭ ಇದೆ. ದಪ್ಪ ಅಲ್ಯೂಮಿನಿಯಂ ಮೋಟಾರಿನ ಬಿಸಿಯನ್ನು ಎಳೆದು ಚಾಸಿಗೆ ಸಾಗಿಸುತ್ತದೆ.

ಮೌಂಟಿನ ತೂತುಗಳನ್ನು ಗುಂಡಗೆ ಕೊರೆಸಬೇಡಿ, ಉದ್ದುದ್ದ ಸ್ಲಾಟ್ ಮಾಡಿಸಿ. ಆಗ ಪಿನಿಯನ್ ಬದಲಿಸಿದಾಗಲೆಲ್ಲ ಮೋಟಾರನ್ನು ಹಿಂದೆ ಮುಂದೆ ಸರಿಸಬಹುದು.

ಸ್ಕ್ರೂ ಬಗ್ಗೆ ಹುಷಾರು. ಮೋಟಾರಿನ ಮುಖದಲ್ಲಿರುವ ತೂತಿನ ಹಿಂದೆಯೇ ತಾಮ್ರದ ತಂತಿಯ ಸುತ್ತು ಇರುತ್ತದೆ. ಸ್ಕ್ರೂ ಒಂದೆರಡು ಮಿ.ಮೀ. ಉದ್ದವಾದರೂ ಒಳಗೆ ಹೋಗಿ ಆ ತಂತಿಗೆ ತಾಗಿ ಶಾರ್ಟ್ ಆಗುತ್ತದೆ. ಬೆಂಕಿಕಡ್ಡಿಯನ್ನು ತೂತಿಗೆ ಮೆಲ್ಲಗೆ ಇಳಿಸಿ ಆಳ ನೋಡಿ. ಅದಕ್ಕೆ ಪ್ಲೇಟಿನ ದಪ್ಪ ಸೇರಿಸಿ, ಒಂದು ಮಿ.ಮೀ. ಕಳೆಯಿರಿ. ಅಷ್ಟೇ ಉದ್ದದ ಸ್ಕ್ರೂ ಸಾಕು.

ಪಿನಿಯನ್ ಕೊಳ್ಳುವಾಗ ಹಲ್ಲಿನ ಅಳತೆ ಮಾಡ್ 1, ತೂತು 5 ಮಿ.ಮೀ. ಎಂದು ಕೇಳಿ. 1/8 ಗಾಡಿಗಳಿಗೆ ಸಾಮಾನ್ಯವಾಗಿ ಇದೇ. ಮೋಟಾರಿನ ಶಾಫ್ಟ್‌ನಲ್ಲಿ ಒಂದು ಕಡೆ ಚಪ್ಪಟೆ ಮಾಡಿರುತ್ತಾರೆ, ಪಿನಿಯನ್‌ನ ಗ್ರಬ್ ಸ್ಕ್ರೂ (ತಲೆಯಿಲ್ಲದ ಪುಟ್ಟ ಸ್ಕ್ರೂ) ಅದರ ಮೇಲೆಯೇ ಕೂರಬೇಕು. ನೀಲಿ ಥ್ರೆಡ್ ಲಾಕ್ ಒಂದು ಹನಿ ಹಾಕಿ. ಕೆಂಪು ಬೇಡ, ಆಮೇಲೆ ಬಿಚ್ಚುವಾಗ ಬಿಸಿ ಮಾಡಬೇಕಾಗುತ್ತದೆ.

ಈಗ ಪಿನಿಯನ್ ಮತ್ತು ಸ್ಪರ್ ನಡುವಿನ ಸಂದು. ನೋಟ್‌ಬುಕ್ ಹಾಳೆಯಿಂದ ಒಂದು ಪಟ್ಟಿ ಹರಿದು ಎರಡು ಗೇರಿನ ನಡುವೆ ಇಟ್ಟು ಮೋಟಾರನ್ನು ಒತ್ತಿ ಹಿಡಿದು ಸ್ಕ್ರೂ ಬಿಗಿ ಮಾಡಿ. (ಈ ಪುರವಣಿಯ ಹಾಳೆ ತೆಳುವಾಯಿತು, ನೋಟ್‌ಬುಕ್ಕೇ ಸರಿ.) ಆಮೇಲೆ ಗೇರ್ ತಿರುಗಿಸಿ ಪಟ್ಟಿ ಹೊರಗೆ ತೆಗೆಯಿರಿ. ಪಟ್ಟಿ ಹರಿಯದೆ ಸುಕ್ಕುಸುಕ್ಕಾಗಿ ಬಂದರೆ ಸರಿ ಇದೆ. ಸ್ಪರ್ ಹಿಡಿದು ಅಲ್ಲಾಡಿಸಿದರೆ ಟಿಕ್ ಟಿಕ್ ಎಂದು ಒಂದು ಎಳೆಯಷ್ಟು ಆಟ ಇರಬೇಕು. ಸ್ಪರ್ ಅನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ಎಲ್ಲ ಕಡೆ ನೋಡಿ. ಗೇರುಗಳು ಪಕ್ಕಾ ಗುಂಡಗಿರುವುದು ಅಪರೂಪ, ಒಂದು ಕಡೆ ಬಿಗಿ ಬರುತ್ತದೆ. ಬಿಗಿ ಇರುವ ಕಡೆಯೇ ಅಳತೆ ಹಿಡಿಯಬೇಕು.

ನಾನು ಮೊದಲ ಸಲ ಇದನ್ನು ಸುಮ್ನೆ ಕಣ್ಣಂದಾಜಿಗೆ ಮಾಡಿದೆ. ಸಡಿಲ ಇದ್ದರೆ ಹಲ್ಲು ಜಾರುತ್ತದೆ ಎಂದು ಜಾಸ್ತಿಯೇ ಬಿಗಿ ಮಾಡಿದ್ದೆ. ಐದು ನಿಮಿಷಕ್ಕೆ ಪ್ಲಾಸ್ಟಿಕ್ ಸ್ಪರ್ ಕಾದು, ಹಲ್ಲೆಲ್ಲ ಚಕ್ಕುಲಿಯ ಅಂಚಿನಂತೆ ಆಗಿ ಕೂತಿತು. ತಪ್ಪು ನನ್ನದೇ.

ಬ್ಯಾಟರಿ, ತಂತಿ

4ಎಸ್ 5000 ಎಂಎಎಚ್ ಬ್ಯಾಟರಿ ಸುಮಾರು ಅರ್ಧ ಕೆ.ಜಿ. ತೂಗುತ್ತದೆ. ಮೋಟಾರ್ ಬಲಕ್ಕಿದ್ದರೆ ಅದನ್ನು ಎಡಕ್ಕೆ, ಟ್ಯಾಂಕ್ ಇದ್ದ ಬದಿಗೆ ಇಡಿ. ಗಾಡಿಯ ಮುಂದೆ ಹಿಂದೆ, ಸರಿಯಾಗಿ ನಡುವಿಗೆ ಒಂದೊಂದು ಬೆರಳು ಕೊಟ್ಟು ಎತ್ತಿ. ಯಾವ ಕಡೆ ವಾಲುತ್ತದೆಯೋ ಆ ಕಡೆ ಭಾರ ಜಾಸ್ತಿ. ಬ್ಯಾಟರಿ ಕಟ್ಟಲು ಅಗಲವಾದ ವೆಲ್ಕ್ರೋ ಪಟ್ಟಿ ಬೇಕು. ಜೀನ್ಸ್ ಹೊಲಿಯುವ ಊರಿನಲ್ಲಿ ಅದಕ್ಕೆ ಹುಡುಕಾಟವೇ ಬೇಡ, ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಎರಡು ಪಟ್ಟಿ ಹಾಕಿ. ಒಂದೇ ಹಾಕಿದರೆ ಗಾಡಿ ಪಲ್ಟಿ ಹೊಡೆದಾಗ ಬ್ಯಾಟರಿ ಹೊರಗೆ ಹಾರಿ ಹೋಗುತ್ತದೆ.

ಬ್ಯಾಟರಿಯಿಂದ ಇಎಸ್‌ಸಿಗೆ ಹೋಗುವ ತಂತಿ ಆದಷ್ಟು ಗಿಡ್ಡ ಇರಲಿ. ಅದು ಉದ್ದವಾದಷ್ಟೂ ಇಎಸ್‌ಸಿಯ ಕೆಪಾಸಿಟರ್‌ಗಳಿಗೆ ಕಷ್ಟ. ಉದ್ದ ಬೇಕೇ ಬೇಕು ಎಂದರೆ ಮೋಟಾರಿನ ಕಡೆ ಬೆಳೆಸಿ. ದಪ್ಪ ತಂತಿಗೆ ಬೆಸುಗೆ ಹಾಕಲು ರೇಡಿಯೋ ರಿಪೇರಿಯ 25 ವ್ಯಾಟ್ ಐರನ್ ಸಾಲದು, 60 ವ್ಯಾಟ್ ಅಥವಾ ಮೇಲೆ ಇರಲಿ. ಕೆಂಪು ಕಪ್ಪು ಎರಡು ಸಲ ನೋಡಿಕೊಳ್ಳಿ. ಉಲ್ಟಾ ಕೊಟ್ಟರೆ ಇಎಸ್‌ಸಿ ಆ ಕ್ಷಣದಲ್ಲೇ ಹೋಗುತ್ತದೆ.

ಇಎಸ್‌ಸಿಯ ಸಣ್ಣ ವೈರನ್ನು ರಿಸೀವರಿನಲ್ಲಿ ಥ್ರಾಟಲ್ ಸರ್ವೊ ಇದ್ದ ಜಾಗಕ್ಕೆ ಚುಚ್ಚಿ. ಸ್ಟಿಯರಿಂಗ್ ಸರ್ವೊಗೆ ಬೇಕಾದ ಕರೆಂಟೂ ಅದರಿಂದಲೇ ಬರುತ್ತದೆ.

ಮೊದಲ ಸಲ ಆನ್ ಮಾಡುವುದು

ಪಿನಿಯನ್ ಸ್ಪರ್‌ಗೆ ತಾಗದಂತೆ ಮೋಟಾರನ್ನು ಹಿಂದಕ್ಕೆ ಸರಿಸಿಟ್ಟು ಪರೀಕ್ಷೆ ಮಾಡಿ. ಮೊದಲು ಕೈಲಿರುವ ರಿಮೋಟ್ ಆನ್, ಆಮೇಲೆ ಗಾಡಿ. ಆಫ್ ಮಾಡುವಾಗ ಮೊದಲು ಗಾಡಿ. ಇಎಸ್‌ಸಿಯ ಪುಸ್ತಕದಲ್ಲಿ ಹೇಳಿದಂತೆ ನಿಂತ ಸ್ಥಿತಿ, ಪೂರ್ತಿ ಥ್ರಾಟಲ್, ಪೂರ್ತಿ ಬ್ರೇಕ್ ಮೂರನ್ನೂ ಕಲಿಸಿ. ಬ್ಯಾಟರಿ ಲಿಪೊ ಎಂದು ಆರಿಸಿ. ಸೆಲ್ಲಿಗೆ 3.2 ರಿಂದ 3.4 ವೋಲ್ಟಿಗೆ ನಿಲ್ಲುವಂತೆ ಇಡಿ. ಮೋಟಾರ್ ಉಲ್ಟಾ ತಿರುಗಿದರೆ ಮೂರು ತಂತಿಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿ. ಸೆನ್ಸರ್ ವೈರ್ ಇರುವ ಮೋಟಾರಿಗೆ ಮಾತ್ರ ಹಾಗೆ ಮಾಡಬಾರದು, ಸೆಟ್ಟಿಂಗ್‌ನಲ್ಲೇ ದಿಕ್ಕು ಬದಲಿಸಬೇಕು. ಎಲ್ಲ ಸರಿ ಬಂದ ಮೇಲೆ ಹಲ್ಲು ಮತ್ತೆ ಕೂರಿಸಿ. ಚಕ್ರ ಗಾಳಿಯಲ್ಲಿ ಎತ್ತಿ ಹಿಡಿದು ಫುಲ್ ಥ್ರಾಟಲ್ ಕೊಡಬೇಡಿ, ಟೈರು ಉಬ್ಬಿ ಹರಿಯುತ್ತದೆ.

ಓಡಿಸಿದಾಗ ಮುಂದಿನ ಚಕ್ರಗಳು ಬೀಸಣಿಗೆಯಂತೆ ಉಬ್ಬಿ ಸುಮ್ನೆ ಸುತ್ತಿದರೆ ನಡುವಿನ ಡಿಫರೆನ್ಷಿಯಲ್‌ನ ಎಣ್ಣೆ ತೆಳು ಎಂದರ್ಥ. ನೈಟ್ರೋಗೆ ಹಾಕಿದ್ದಕ್ಕಿಂತ ಗಟ್ಟಿ ಸಿಲಿಕಾನ್ ಎಣ್ಣೆ ಹಾಕಿ.

ಬಿಸಿಲು, ಧೂಳು

ಸಂಡೂರಿನ ಅದಿರು ಲಾರಿ ಓಡುವ ರಸ್ತೆ ಪಕ್ಕದ ಮಣ್ಣಿನಲ್ಲಿ ಒಂದು ಆಯಸ್ಕಾಂತ ಆಡಿಸಿ ನೋಡಿ. ಕಪ್ಪು ಪುಡಿ ಮೀಸೆಯಂತೆ ಅಂಟಿಕೊಳ್ಳುತ್ತದೆ. ಬ್ರಷ್‌ಲೆಸ್ ಮೋಟಾರಿನ ಒಳಗೆ ಸುತ್ತುವುದೂ ಆಯಸ್ಕಾಂತವೇ. ಗಾಳಿಗೆ ಕಿಂಡಿ ಇರುವ ಮೋಟಾರ್ ಕೊಂಡರೆ ಆ ಪುಡಿಯೆಲ್ಲ ಒಳಗೆ ಸೇರುತ್ತದೆ. ನಮ್ಮ ಕಡೆ ಪೂರ್ತಿ ಮುಚ್ಚಿದ ಮೋಟಾರೇ ಆಗಬೇಕು. ಮುಚ್ಚಿದ್ದು ಸ್ವಲ್ಪ ಬೇಗ ಕಾಯುತ್ತದೆ, ಅದಕ್ಕೆ ಹೊರಗಿನಿಂದ ಹೀಟ್ ಸಿಂಕ್ ಮತ್ತು ಫ್ಯಾನ್ ಕಟ್ಟಿ.

ನೈಟ್ರೋ ಎಂಜಿನ್ 100 ಡಿಗ್ರಿ ದಾಟಿದರೂ ಅದಕ್ಕೆ ಅದೇ ಹಿತ. ಮೋಟಾರ್ ಹಾಗಲ್ಲ. ಮೈ 80 ಡಿಗ್ರಿ ದಾಟಿದರೆ ನಿಲ್ಲಿಸಿಬಿಡಿ, ಜಾಸ್ತಿ ಕಾದರೆ ಆಯಸ್ಕಾಂತದ ಬಲ ಕುಂದುತ್ತದೆ, ಮತ್ತೆ ಬರುವುದಿಲ್ಲ. ಏಪ್ರಿಲ್ ಮಧ್ಯಾಹ್ನ ಇಲ್ಲಿ ಗಾಳಿಯೇ 40 ಡಿಗ್ರಿ, ಅರ್ಧ ದಾರಿ ಅಲ್ಲೇ ಮುಗಿದಿರುತ್ತದೆ. ಮೊದಲ ದಿನ ಮೂರು ನಿಮಿಷ ಓಡಿಸಿ, ನಿಲ್ಲಿಸಿ, ಥರ್ಮಾಮೀಟರ್ ಗನ್ ಹಿಡಿದು ನೋಡಿ. ಗನ್ ಇಲ್ಲದಿದ್ದರೆ ಒಂದು ಹನಿ ನೀರು ಬೆರಳಿಂದ ಮೋಟಾರಿನ ಮೈಗೆ ಹಚ್ಚಿ. ಚುರ್ ಎಂದರೆ ಆಗಲೇ ಮೀರಿ ಹೋಗಿದೆ.

ಮಳೆ ಬಿದ್ದ ಎರೆ ಹೊಲಕ್ಕೆ ಮಾತ್ರ ಇಳಿಸಬೇಡಿ. ಎರೆ ಮಣ್ಣು ಚಕ್ರಕ್ಕೆ ರೊಟ್ಟಿ ಹಿಟ್ಟಿನಂತೆ ಮೆತ್ತಿಕೊಂಡು ಚಕ್ರ ಎರಡರಷ್ಟು ಭಾರ ಆಗುತ್ತದೆ. ನೈಟ್ರೋ ಆದರೆ ಎಂಜಿನ್ ಬಂದ್ ಬೀಳುತ್ತಿತ್ತು. ಮೋಟಾರ್ ನಿಲ್ಲದೆ ಎಳೆಯುತ್ತದೆ, ಎಳೆದೂ ಎಳೆದೂ ಸುಡುತ್ತದೆ.

ಚಾರ್ಜ್ ಮಾಡುವಾಗ

ಎಲ್ಲ ಸೆಲ್‌ಗಳನ್ನೂ ಸಮವಾಗಿ ತುಂಬುವ ಬ್ಯಾಲೆನ್ಸ್ ಚಾರ್ಜರ್ ಇಲ್ಲದೆ ಲಿಪೊ ಮುಟ್ಟಬೇಡಿ. 5000 ಎಂಎಎಚ್‌ಗೆ 5 ಆಂಪಿಯರ್, ಸೆಲ್ಲಿಗೆ 4.2 ವೋಲ್ಟ್‌ವರೆಗೆ, ಅದಕ್ಕಿಂತ ಮೇಲೆ ಇಲ್ಲ. ಹಾಸಿಗೆ, ಸೋಫಾ ಮೇಲೆ ಇಡಬೇಡಿ, ಬರಿ ಕಡಪ ಕಲ್ಲಿನ ನೆಲದ ಮೇಲೆ, ಪಕ್ಕದಲ್ಲಿ ನೀವು ಎಚ್ಚರ ಇರುವಾಗ ಮಾತ್ರ. ಓಡಿಸಿ ತಂದ ಬಿಸಿ ಬ್ಯಾಟರಿ ತಣ್ಣಗಾಗಲಿ. ಉಬ್ಬಿದ್ದನ್ನು ಮತ್ತೆ ಬಳಸಬೇಡಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟು ಹೋಗಬೇಡಿ. ವಾರಗಟ್ಟಲೆ ಓಡಿಸುವುದಿಲ್ಲ ಎಂದರೆ ಸೆಲ್ಲಿಗೆ 3.8 ವೋಲ್ಟ್ ಆಸುಪಾಸಿಗೆ ಇಳಿಸಿ ಇಡಿ.

ನನ್ನ ಡಬ್ಬಿಯಲ್ಲಿ ಈಗ ಎರಡು ಪಿನಿಯನ್ ಇವೆ. ಶಿವರಾತ್ರಿ ಕಳೆದ ಮೇಲೆ 13 ಹಲ್ಲಿನದು, ದೀಪಾವಳಿ ಆದ ಮೇಲೆ 15ರದ್ದು. ಬದಲಿಸಲು ಒಂದು ಅಲೆನ್ ಕೀ ಮತ್ತು ನೋಟ್‌ಬುಕ್ಕಿನ ಒಂದು ಪಟ್ಟಿ ಬೇಕು, ಹತ್ತು ನಿಮಿಷದ ಕೆಲಸ.