‘ಮಾಡ್ಯೂಲ್ ಎನ್‌ಬಿಡಿ ನಾಟ್ ಫೌಂಡ್’ ಅಂದರೆ ಮೊದಲು ಎರಡು ನಂಬರ್ ನೋಡಿ

ತೊಗರಿ ಸುಗ್ಗಿಯ ಜನವರಿ. ಕಲಬುರಗಿಯ ಒಂದು ದಾಲ್ ಮಿಲ್‌ನಿಂದ ಫೋನ್ ಬಂತು. ಅವರ ಹಳೇ ಲೆಕ್ಕವೆಲ್ಲ ಒಂದು ವಿಂಡೋಸ್ ವರ್ಚುವಲ್ ಮಷೀನಿನೊಳಗಿತ್ತು, ಅದು ಶುರುವೇ ಆಗುತ್ತಿರಲಿಲ್ಲ. ಅದರ ಇಡೀ ಡಿಸ್ಕ್ ಒಂದೇ ಫೈಲ್‌ನಲ್ಲಿ, ಕ್ಯೂಕೌ2 ಎಂಬ ರೂಪದಲ್ಲಿತ್ತು. ಅದನ್ನು ಇಟ್ಟುಕೊಂಡಿದ್ದ ಕಂಪ್ಯೂಟರಿನಲ್ಲಿ ಉಬುಂಟು 22.04 ಲಿನಕ್ಸ್. ಲೆಕ್ಕದ ಫೋಲ್ಡರ್ ಮಾತ್ರ ಹೊರಗೆ ತೆಗೆದರೆ ಸಾಕಿತ್ತು. ಇಂಥ ಡಿಸ್ಕ್ ಫೈಲನ್ನು ನಿಜವಾದ ಡಿಸ್ಕ್‌ನಂತೆ ಜೋಡಿಸುವ ಕ್ಯೂಎಮು-ಎನ್‌ಬಿಡಿ ಇದ್ದರೆ ಐದು ನಿಮಿಷದ ಕೆಲಸ.

(ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ, ಮುಂದೆ ಸುಡೋ ಸೇರಿಸಿ ಹೊಡೆಯಿರಿ.)

ಅದಕ್ಕೆ ಎನ್‌ಬಿಡಿ ಎಂಬ ಮಾಡ್ಯೂಲ್ ಬೇಕು, ಅಂದರೆ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಬೇಕಾದಾಗ ಸೇರಿಸುವ ತುಣುಕು. ಅದನ್ನು ಸೇರಿಸಲು ‘ಮಾಡ್‌ಪ್ರೋಬ್ ಎನ್‌ಬಿಡಿ’ ಹೊಡೆದೆ. ‘ಫೇಟಲ್: ಮಾಡ್ಯೂಲ್ ಎನ್‌ಬಿಡಿ ನಾಟ್ ಫೌಂಡ್’ ಎಂದು ಬಂತು. ಪಕ್ಕದಲ್ಲಿ ನಿಂತಿದ್ದ ಸಾವ್ಕಾರರ ಮುಖ ಇಳಿಯಿತು. “ಲೆಕ್ಕ ಹೋಯ್ತೇನ್ರಿ ಸರ್?” “ಇಲ್ರಿ ಸಾವ್ಕಾರ್ರೆ, ಡಿಸ್ಕ್ ಇನ್ನೂ ಮುಟ್ಟೇ ಇಲ್ಲ.”

ಇದು ಡಿಸ್ಕ್ ಕೆಟ್ಟ ಲಕ್ಷಣ ಅಲ್ಲ, ಕ್ಯೂಎಮು ಕೆಟ್ಟಿದ್ದೂ ಅಲ್ಲ. ಕ್ಯೂಎಮುವನ್ನು ಸುಮ್ನೆ ತೆಗೆದು ಮತ್ತೆ ಹಾಕಬೇಡಿ. ಎನ್‌ಬಿಡಿ ಕರ್ನಲ್‌ನ ಭಾಗ. ಮಾಡ್‌ಪ್ರೋಬ್ ಅದನ್ನು ಹುಡುಕುವುದು ಒಂದೇ ಕಡೆ: /ಲಿಬ್/ಮಾಡ್ಯೂಲ್ಸ್ ಒಳಗೆ, ಈಗ ಓಡುತ್ತಿರುವ ಕರ್ನಲ್‌ನ ಹೆಸರಿನ ಫೋಲ್ಡರ್‌ನಲ್ಲಿ. ಹಾಗಾಗಿ ‘ಯುನೇಮ್ -ಆರ್’ ಕೊಟ್ಟು ಬಂದ ನಂಬರ್ ಬರೆದುಕೊಳ್ಳಿ. ಆಮೇಲೆ ‘ಎಲ್ಎಸ್ /ಲಿಬ್/ಮಾಡ್ಯೂಲ್ಸ್’ ನೋಡಿ.

ಅಲ್ಲಿ ಯುನೇಮ್ ಹೇಳಿದ್ದು 5.15.0-91-ಜೆನೆರಿಕ್. ಫೋಲ್ಡರ್ ಇದ್ದದ್ದು 5.15.0-94-ಜೆನೆರಿಕ್ ಒಂದೇ. ಬೂಟ್ ಪಾರ್ಟಿಷನ್ ತುಂಬಿತೆಂದು ಯಾರೋ ಹಳೇ ಕರ್ನಲ್ ಪ್ಯಾಕೇಜ್ ಅಳಿಸಿದ್ದರು. ಕಂಪ್ಯೂಟರ್ ಮಾತ್ರ ಬಂದ್ ಮಾಡಿರಲಿಲ್ಲ. ಮೆಮೊರಿಯಲ್ಲಿ ಹಳೇ ಕರ್ನಲ್, ಡಿಸ್ಕ್‌ನಲ್ಲಿ ಹೊಸದರ ಮಾಡ್ಯೂಲ್. ಎರಡೂ ಹೇಗೆ ಕೂಡಬೇಕು?

ಸುಲಭದ ದಾರಿ ರೀಬೂಟ್. ಆದರೆ ಗೇಟಿನಲ್ಲಿ ತೊಗರಿ ಗಾಡಿಗಳ ಸಾಲು, ಕಾಟಾ ಚೀಟಿ ಬರುವುದೂ ಅದೇ ಕಂಪ್ಯೂಟರಿನಿಂದ. ನಿಲ್ಲಿಸುವ ಹಾಗಿರಲಿಲ್ಲ. ಆಗ ‘ಎಪಿಟಿ ಇನ್‌ಸ್ಟಾಲ್ ಲಿನಕ್ಸ್-ಮಾಡ್ಯೂಲ್ಸ್-5.15.0-91-ಜೆನೆರಿಕ್’ ಕೊಟ್ಟೆ. ಓಡುತ್ತಿದ್ದ ಕರ್ನಲ್‌ನ ಫೋಲ್ಡರ್ ವಾಪಸ್ ಬಂತು. ಮಾಡ್‌ಪ್ರೋಬ್ ಈ ಸಲ ಏನೂ ಮಾತಾಡಲಿಲ್ಲ. ಅದು ಸುಮ್ಮನಿದ್ದರೆ ಕೆಲಸ ಆಯಿತೆಂದೇ ಅರ್ಥ. ಅನುಮಾನ ಇದ್ದರೆ ‘ಎಲ್ಎಸ್‌ಮಾಡ್’ ಪಟ್ಟಿಯಲ್ಲಿ ನೋಡಿ.

ನಿಮ್ಮಲ್ಲಿ ಎರಡೂ ನಂಬರ್ ಒಂದೇ ಇದ್ದರೆ? ಆ ಫೋಲ್ಡರ್‌ನಲ್ಲಿ ಎನ್‌ಬಿಡಿ ಹೆಸರಿನ ಫೈಲ್ ಇದೆಯೇ ಹುಡುಕಿ. ಇದ್ದೂ ಸಿಗುತ್ತಿಲ್ಲ ಅಂದರೆ ‘ಡೆಪ್‌ಮಾಡ್ -ಎ’ ಓಡಿಸಿ, ಮಾಡ್ಯೂಲ್‌ಗಳ ಪಟ್ಟಿ ಹೊಸದಾಗುತ್ತದೆ. ಫೈಲೇ ಇಲ್ಲದಿದ್ದರೆ /ಬೂಟ್ ಒಳಗಿನ ಕಾನ್ಫಿಗ್ ಫೈಲ್‌ನಲ್ಲಿ ‘ಬಿಎಲ್‌ಕೆ_ಡೆವ್_ಎನ್‌ಬಿಡಿ’ ಸಾಲು ಓದಿ. ‘ಎಂ’ ಅಂದರೆ ಮಾಡ್ಯೂಲ್, ‘ವೈ’ ಅಂದರೆ ಕರ್ನಲ್‌ನೊಳಗೇ ಸೇರಿದೆ. ‘ಈಸ್ ನಾಟ್ ಸೆಟ್’ ಅಂದರೆ ಆ ಕರ್ನಲ್‌ನಲ್ಲಿ ಅದು ಇಲ್ಲವೇ ಇಲ್ಲ. ಸೆಂಟ್‌ಒಎಸ್ 7ರ ಕರ್ನಲ್ ಹೀಗೇ. ಅಲ್ಲಿ ಎಷ್ಟು ಒದ್ದಾಡಿದರೂ ಬರುವುದಿಲ್ಲ. ಡಿಸ್ಕ್‌ನಲ್ಲಿ ಜಾಗ ಇದ್ದರೆ ‘ಕ್ಯೂಎಮು-ಇಮೇಜ್ ಕನ್ವರ್ಟ್’ ಬಳಸಿ ರಾ ಫೈಲ್ (ಡಿಸ್ಕ್‌ನ ನೇರ ನಕಲಿನ ರೂಪ) ಮಾಡಿ, ‘ಲೋಸೆಟಪ್ -ಎಫ್ -ಪಿ’ಯಿಂದ ಜೋಡಿಸಿ (ಇಲ್ಲಿ ಪಿ ದೊಡ್ಡಕ್ಷರ). ಡಾಕರ್‌ನಂಥ ಕಂಟೇನರ್ ಒಳಗಿದ್ದರೆ ಮಾಡ್ಯೂಲನ್ನು ಹೊರಗಿನ ಹೋಸ್ಟ್‌ನಲ್ಲೇ ಹಾಕಬೇಕು.

ಈಗ ಜೋಡಿಸುವುದು. ವರ್ಚುವಲ್ ಮಷೀನ್ ಪೂರ್ತಿ ಬಂದ್ ಆಗಿದೆ ಎಂದು ಎರಡು ಸಲ ನೋಡಿ. ಅದು ಓಡುತ್ತಿರುವಾಗಲೇ ಈ ಕಡೆಯಿಂದಲೂ ಬರೆದರೆ ಫೈಲ್ ಸಿಸ್ಟಮ್ ಹಾಳಾಗುತ್ತದೆ. ಇನ್ನೊಬ್ಬರ ಲೆಕ್ಕ ನಮ್ಮ ಕೈಯಲ್ಲಿರುತ್ತದೆ, ಅಲ್ವಾ? ನಾನು ಯಾವಾಗಲೂ ‘--ರೀಡ್-ಓನ್ಲಿ’ ಸೇರಿಸಿಯೇ ‘ಕ್ಯೂಎಮು-ಎನ್‌ಬಿಡಿ --ಕನೆಕ್ಟ್=/ಡೆವ್/ಎನ್‌ಬಿಡಿ0’ ಕೊಡುತ್ತೇನೆ, ಕೊನೆಗೆ ಡಿಸ್ಕ್ ಫೈಲ್‌ನ ಹೆಸರು. ಪಾರ್ಟಿಷನ್ ಕಾಣದಿದ್ದರೆ ಮೊದಲು ಡಿಸ್ಕ್ ಬಿಡಿಸಿ, ‘ಆರ್‌ಎಂಮಾಡ್ ಎನ್‌ಬಿಡಿ’ ಮಾಡಿ, ‘ಮಾಡ್‌ಪ್ರೋಬ್ ಎನ್‌ಬಿಡಿ ಮ್ಯಾಕ್ಸ್_ಪಾರ್ಟ್=8’ ಎಂದು ಮತ್ತೆ ಹಾಕಿ. ‘ಎಲ್ಎಸ್‌ಬಿಎಲ್‌ಕೆ’ಯಲ್ಲಿ ದೊಡ್ಡ ಪಾರ್ಟಿಷನ್ ಯಾವುದೆಂದು ನೋಡಿ. ನಮಗೆ ಎನ್‌ಬಿಡಿ0ಪಿ2. ಅದನ್ನು ‘ಮೌಂಟ್ -ಒ ಆರ್‌ಒ’ ಎಂದು ತೆರೆದು ಫೋಲ್ಡರನ್ನು ಪೆನ್‌ಡ್ರೈವ್‌ಗೆ ಇಳಿಸಿದೆವು.

ಮುಗಿದ ಮೇಲೆ ಮೊದಲು ‘ಯುಮೌಂಟ್’, ನಂತರ ‘ಕ್ಯೂಎಮು-ಎನ್‌ಬಿಡಿ --ಡಿಸ್ಕನೆಕ್ಟ್ /ಡೆವ್/ಎನ್‌ಬಿಡಿ0’. ಈ ಕ್ರಮ ತಪ್ಪಿಸಬೇಡಿ.

ರಾತ್ರಿ ಕೊನೆಯ ಗಾಡಿ ಕಾಟಾದಿಂದ ಇಳಿದ ಮೇಲೆ ಕಂಪ್ಯೂಟರ್ ರೀಬೂಟ್ ಮಾಡಿದೆವು. ಯುನೇಮ್ 94 ತೋರಿಸಿತು. ಫೋಲ್ಡರ್ ಆಗಲೇ ಇತ್ತು.