ಅಜ್ಜಿಯೂ ಆಡುವಂತಿರಲಿ ರೆಸಾರ್ಟ್‌ ಆಟ

ರೆಸಾರ್ಟ್‌ ತೆರೆಯುವವರು ಮೊದಲು ಕೇಳುವುದು, ಯಾವ ಯಾವ ಆಟದ ಸಾಮಾನು ತರಿಸಬೇಕು ಎಂದು. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಬರುವವರು ಯಾರು ಎಂಬುದು ಮೊದಲು ಗೊತ್ತಾಗಬೇಕು. ಚಿತ್ರದುರ್ಗ, ದಾವಣಗೆರೆ ಕಡೆಗೆ ರಜೆಯಲ್ಲಿ ಬರುವ ಕುಟುಂಬಗಳಲ್ಲಿ ಮೂರು ತಲೆಮಾರು ಒಂದೇ ವ್ಯಾನಿನಿಂದ ಇಳಿಯುವುದುಂಟು. ಜಿಪ್‌ಲೈನ್‌ ಕಟ್ಟಿದರೆ ಅವರಲ್ಲಿ ನಾಲ್ವರು ಜಾರುತ್ತಾರೆ, ಉಳಿದವರು ಮರದ ಕೆಳಗೆ ಕುಳಿತು ಬ್ಯಾಗು ಕಾಯುತ್ತಾರೆ. ಹೀಗೆ ಬ್ಯಾಗು ಕಾಯುವವರನ್ನು ಕಡಿಮೆ ಮಾಡುವುದೇ ಆಟ ನಡೆಸುವವರ ಮುಖ್ಯ ಕೆಲಸ ಎಂದು ನಾನು ನಂಬಿದ್ದೇನೆ.

ಬುಕಿಂಗ್‌ ದಿನವೇ ಕೇಳಿ

ಫೋನಿನಲ್ಲಿ ಕೋಣೆ ಕಾದಿರಿಸುವಾಗಲೇ ವಿಚಾರಿಸಿ: ಎಷ್ಟು ಮಕ್ಕಳು, ಯಾವ ವಯಸ್ಸು, ಹಿರಿಯರಿಗೆ ಮೊಣಕಾಲು ನೋವು, ಬಿ.ಪಿ., ಉಬ್ಬಸ ಏನಾದರೂ ಇದೆಯೇ, ಯಾರದಾದರೂ ಹುಟ್ಟುಹಬ್ಬ ಬರುತ್ತದೆಯೇ. ಉತ್ತರಗಳನ್ನು ಸ್ವಾಗತ ಮೇಜಿನ ಕಡತದಲ್ಲೇ ಬಿಡದೆ, ಆಟ ನಡೆಸುವ ಹುಡುಗರ ಕೈಗೂ ಕೊಡಿ.

ಬಿಸಿಲು ನೋಡಿ ವೇಳಾಪಟ್ಟಿ

ಇದು ಬಯಲುಸೀಮೆ. ಮಾರ್ಚ್‌ನಿಂದ ಮೇವರೆಗೆ ಹತ್ತು ಗಂಟೆಗೆಲ್ಲ ಬಂಡೆ ಕಾಯುತ್ತದೆ. ಹೊರಾಂಗಣದ ಎಲ್ಲವನ್ನೂ ಬೆಳಿಗ್ಗೆ ಆರರಿಂದ ಒಂಬತ್ತೂವರೆಯೊಳಗೆ ಅಥವಾ ಸಂಜೆ ನಾಲ್ಕೂವರೆಯ ನಂತರ ಇಡಿ. ಮಧ್ಯಾಹ್ನ ನೆರಳಿನ ಆಟ, ನಿದ್ದೆ, ಹರಟೆ. ಖಾಲಿ ಸಮಯವನ್ನೂ ಪಟ್ಟಿಯಲ್ಲಿ ಬರೆಯಿರಿ. ಗಂಟೆಗೊಂದು ಕಾರ್ಯಕ್ರಮ ತುರುಕಿದರೆ ವಿರಾಮಕ್ಕೆಂದು ಬಂದವರು ದಣಿದು ಹೋಗುತ್ತಾರೆ. ಆಷಾಢದ ಗಾಳಿ ಬಂತೆಂದರೆ ಗಾಳಿಪಟಕ್ಕಿಂತ ಒಳ್ಳೆಯ ಆಟ ಇಲ್ಲಿ ಇನ್ನೊಂದಿಲ್ಲ. ಹತ್ತಿಯ ದಾರವನ್ನೇ ಕೊಡಿ, ಗಾಜಿನ ಮಾಂಜಾ ಬೇಡ. ವಿದ್ಯುತ್‌ ತಂತಿ ಇಲ್ಲದ ಬಯಲನ್ನು ಹಿಂದಿನ ದಿನವೇ ನೋಡಿಟ್ಟುಕೊಳ್ಳಿ.

ಕೋಟೆಗೆ ಹೋಗುವ ಬೆಳಗು

ದುರ್ಗಕ್ಕೆ ಬಂದವರನ್ನು ಏಳು ಸುತ್ತಿನ ಕೋಟೆಗೆ ಕರೆದೊಯ್ಯದೆ ಕಳುಹಿಸಬಾರದು. ಆದರೆ ಎಲ್ಲರನ್ನೂ ಒಂದೇ ಹಾದಿಯಲ್ಲಿ ಹತ್ತಿಸುವುದು ತಪ್ಪು. ಗುಂಪನ್ನು ಎರಡು ಮಾಡಿ. ಮೊಣಕಾಲು ನೋವಿನವರು ಕೆಳಗಿನ ಸುತ್ತುಗಳಲ್ಲಿ ನಿಧಾನವಾಗಿ ನಡೆದು, ಸಿಡಿಮದ್ದು ಬೀಸುವ ದೊಡ್ಡ ಕಲ್ಲುಗಳನ್ನು ನೋಡಿ, ಕೂತು ಕಥೆ ಕೇಳಲಿ. ಇನ್ನೊಂದು ಗುಂಪು ಓಬವ್ವನ ಕಿಂಡಿಯತ್ತ ಸಾಗಲಿ. ಪ್ರವಾಸಿಗರಿಗೆ ಕೋಟೆ ತೋರಿಸಿ ಅನುಭವವಿರುವ, ಗುರುತಿನ ಚೀಟಿ ಹೊಂದಿರುವ ಸ್ಥಳೀಯ ಮಾರ್ಗದರ್ಶಿಯನ್ನೇ ಗೊತ್ತುಮಾಡಿ.

ಕಿಂಡಿಯ ಬಳಿ ಒಂದು ಕ್ರಮ ಪಾಲಿಸಿ: ಕಥೆ ಆಮೇಲೆ, ನುಸುಳುವುದು ಮೊದಲು. ಬೆನ್ನು ಬಾಗಿಸಿ, ಭುಜ ಓರೆ ಮಾಡಿ, ಮುಂದೇನಿದೆ ಎಂದು ಕಾಣದೆ ಒಬ್ಬೊಬ್ಬರಾಗಿ ದಾಟಿದ ಮೇಲೆ ಹೈದರಾಲಿಯ ಸೈನಿಕರ ಮಾತು ತೆಗೆಯಿರಿ. ಒನಕೆ ಹಿಡಿದು ನಿಂತ ಒಬ್ಬ ಹೆಣ್ಣುಮಗಳು ಅಷ್ಟು ಜನರನ್ನು ಹೇಗೆ ತಡೆದಳು ಎಂಬುದನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕಾಗುವುದಿಲ್ಲ, ಅವರ ಭುಜಕ್ಕೇ ಗೊತ್ತಾಗಿರುತ್ತದೆ. 1779ರಲ್ಲಿ ಕೋಟೆ ಹೈದರಾಲಿಯ ವಶವಾದದ್ದನ್ನೂ, ಕೊನೆಯ ಮದಕರಿನಾಯಕನ ವಿಷಯವನ್ನೂ ಅಲ್ಲೇ ಹೇಳಿಬಿಡಿ.

ಕೋತಿಗಳಿವೆ, ತಿಂಡಿ ಪೊಟ್ಟಣ ಕೈಯಲ್ಲಿರಬಾರದು. ನುಣುಪು ತಳದ ಚಪ್ಪಲಿ ಬೇಡ. ತುಪ್ಪದ ಕೊಳದ ಕಡಿದಾದ ಬಂಡೆಗೆ ಮಕ್ಕಳನ್ನು ಹತ್ತಿಸುವುದಿಲ್ಲ ಎಂದು ಹೊರಡುವ ಮುಂಚೆಯೇ ಹೇಳಿ; ಅಲ್ಲಿಗೆ ಹೋಗಿ ಹೇಳಿದರೆ ಯಾವ ಮಗುವೂ ಕೇಳುವುದಿಲ್ಲ. ಸಂರಕ್ಷಿತ ಸ್ಮಾರಕವಾದ್ದರಿಂದ ಸ್ಪೀಕರ್‌, ಬಣ್ಣ, ಗುಂಪು ಆಟ ಯಾವುದೂ ಕೋಟೆಯೊಳಗೆ ಬೇಡ.

ಎರಡನೆಯ ದಿನ ಉಳಿಯುವವರಿಗೆ ಚಂದ್ರವಳ್ಳಿಯ ಗುಹೆಗಳು, ಆಡುಮಲ್ಲೇಶ್ವರದ ಕಿರು ಮೃಗಾಲಯ ಇವೆ. 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರ ಅಣೆಕಟ್ಟಿಗೂ ಹೋಗಿಬರಬಹುದು, ಆದರೆ ಯಾರನ್ನೂ ನೀರಿಗಿಳಿಸಬೇಡಿ.

ಮಧ್ಯಾಹ್ನದ ಚೌಕಾಬಾರ

ಖರ್ಚಿಲ್ಲದ, ಮತ್ತು ಬ್ಯಾಗು ಕಾಯುವವರನ್ನು ತಟ್ಟನೆ ಎಬ್ಬಿಸುವ ಆಟ ಇದು. ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಐದಕ್ಕೆ ಐದು ಮನೆ ಬರೆಯಿರಿ, ನಾಲ್ಕು ಕವಡೆ ಇಡಿ. ನಾಲ್ಕೂ ಬಾಯಿ ಮೇಲಾಗಿ ಬಿದ್ದರೆ ಚೌಕ, ಅಂದರೆ ನಾಲ್ಕು; ನಾಲ್ಕೂ ಮಗುಚಿ ಬಿದ್ದರೆ ಬಾರ, ಅಂದರೆ ಎಂಟು. ಕಾಯಿ ಕಡಿಯುವ ನಿಯಮ ಮನೆಯಿಂದ ಮನೆಗೆ ಬೇರೆ, ಅದನ್ನು ಅತಿಥಿಗಳೇ ತೀರ್ಮಾನಿಸಲಿ. ಒಬ್ಬ ಹಿರಿಯರಿಗೆ ಒಂದು ಮಗುವನ್ನು ಜೋಡಿ ಮಾಡಿ: ಕವಡೆ ಹಾಕುವುದು ಮಗು, ಕಾಯಿ ನಡೆಸುವುದು ಅಜ್ಜಿ. ಹೀಗೆ ಮಾಡಿದರೆ ಇಬ್ಬರೂ ಮೊಬೈಲ್‌ ಮರೆಯುತ್ತಾರೆ. ಅಳಗುಳಿ ಮಣೆ, ಹುಣಸೆ ಬೀಜವೂ ಪಕ್ಕದಲ್ಲಿರಲಿ. ಸಂಜೆ ಲಗೋರಿ ಇಟ್ಟರೆ ರಬ್ಬರ್‌ ಚೆಂಡಿನ ಬದಲು ಬಟ್ಟೆ ಚೆಂಡು ಕೊಡಿ, ಬೆನ್ನಿಗೆ ಪೆಟ್ಟಾಗುವುದಿಲ್ಲ.

ಒಲ್ಲೆ ಎಂದವರನ್ನು ಮೈಕಿನಲ್ಲಿ ಹೆಸರು ಕೂಗಿ ಎಳೆಯಬೇಡಿ. ಅಂಕ ಬರೆಯುವ ಹಲಗೆ ಕೊಟ್ಟು ನೋಡಿ. ಸ್ವಲ್ಪ ಹೊತ್ತಿಗೆ ಅವರೇ ತಕರಾರು ತೆಗೆಯುತ್ತಾ ಆಟದೊಳಗೆ ಬಂದಿರುತ್ತಾರೆ.

ಈಜುಕೊಳ ಮತ್ತು ರಾತ್ರಿ

ಇಲ್ಲಿ ರಿಯಾಯಿತಿ ಇಲ್ಲ. ಕಾವಲಿಗೆ ಈಜು ಬಲ್ಲವರೊಬ್ಬರು ಕೂತಿರಬೇಕು, ಅವರಿಗೆ ಆ ಹೊತ್ತಿನಲ್ಲಿ ಬೇರೆ ಕೆಲಸ ಹೇಳಬಾರದು. ಆಳವನ್ನು ಅಂಚಿನಲ್ಲಿ ಕನ್ನಡದಲ್ಲೇ ಬರೆಸಿ. ಕುಡಿದವರು ನೀರಿಗಿಳಿಯುವಂತಿಲ್ಲ. ಗುಡುಗು ಕೇಳಿದರೆ ಎಲ್ಲರೂ ಹೊರಗೆ. ಪ್ರಥಮ ಚಿಕಿತ್ಸೆ ಪೆಟ್ಟಿಗೆಯಲ್ಲಿ ಓಆರ್‌ಎಸ್‌ ಇರಲಿ. 108ರ ಜೊತೆಗೆ ಹತ್ತಿರದ ಆಸ್ಪತ್ರೆಯ ನಂಬರನ್ನು ಗೋಡೆಗೆ ಅಂಟಿಸಿ.

ಕ್ಯಾಂಪ್‌ಫೈರ್‌ ಹಾಕುವ ಮುನ್ನ ಗಾಳಿ ನೋಡಿ. ಬೇಸಿಗೆಯಲ್ಲಿ ಒಣಹುಲ್ಲಿನ ಗುಡ್ಡದ ಪಕ್ಕ ಬೆಂಕಿ ಬೇಡವೇ ಬೇಡ, ಬದಲಿಗೆ ದೀಪದ ಸರ ಕಟ್ಟಿ ಕೋಲಾಟ ಆಡಿಸಿ. ಹತ್ತಿರದ ಹಳ್ಳಿಯ ತಂಡವನ್ನು ಕರೆಸಿದರೆ ಸಂಭಾವನೆ ಮೊದಲೇ ಮಾತಾಡಿ, ಊಟ ಹಾಕಿ, ಅತಿಥಿಗಳ ಕೈಗೂ ಕೋಲು ಕೊಡಿಸಿ. ರಾತ್ರಿ ಹತ್ತಕ್ಕೆ ಧ್ವನಿವರ್ಧಕ ಬಂದ್‌ ಆಗಲೇಬೇಕು, ಅದು ಕಾನೂನು.

ಮರುದಿನ ತಿಂಡಿಯ ಹೊತ್ತಿಗೆ ಫಾರಂ ಹಂಚುವ ಬದಲು ಮೇಜಿನಿಂದ ಮೇಜಿಗೆ ಹೋಗಿ ಮಾತನಾಡಿಸಿ. ಯಾರು ಎಲ್ಲೂ ಸೇರಲಿಲ್ಲ, ಯಾಕೆ ಸೇರಲಿಲ್ಲ ಎಂಬುದನ್ನು ಅವರು ಹೊರಡುವ ಮುಂಚೆ ಬರೆದಿಟ್ಟುಕೊಂಡು, ಮುಂದಿನ ಗುಂಪಿನ ಪಟ್ಟಿಯನ್ನು ಅಲ್ಲಿಂದಲೇ ಶುರು ಮಾಡಿ.