ಎಐ ಏಜೆಂಟ್‌ಗಾಗಿ ಆರ್ಡರ್ ಹುಡುಕುವ ಟೂಲ್‌ನ ವಿವರಣೆ ಬರೆಯುವ ಬಗೆ

ಆರ್ಡರ್ ಹುಡುಕುವ ಎಪಿಐ (ಒಂದು ಪ್ರೋಗ್ರಾಂ ಇನ್ನೊಂದನ್ನು ಕರೆಯುವ ದಾರಿ) ಬಗ್ಗೆ ಅನುಮಾನ ಬಂದ ಡೆವಲಪರ್ ಕೋಡ್ ತೆರೆದು ನೋಡಬಹುದು, ಇಲ್ಲವೇ ಅದನ್ನು ಬರೆದವರನ್ನೇ ಕೇಳಬಹುದು. ಆನ್‌ಲೈನ್ ಅಂಗಡಿಯ ಗ್ರಾಹಕರಿಗೆ ಉತ್ತರ ಕೊಡುವ ಎಐ ಏಜೆಂಟ್‌ಗೆ ಆ ಅನುಕೂಲವಿಲ್ಲ. ಟೂಲ್‌ನ (ಏಜೆಂಟ್ ಕರೆದು ಬಳಸುವ ಪ್ರೋಗ್ರಾಂನ) ಹೆಸರು, ಅದರ ವಿವರಣೆ, ಇನ್‌ಪುಟ್ ಸ್ಕೀಮಾ (ಯಾವ ಮಾಹಿತಿಯನ್ನು ಯಾವ ರೂಪದಲ್ಲಿ ಕೊಡಬೇಕೆಂಬ ನಿಯಮ) ಮತ್ತು ಕೊನೆಗೆ ಕೈಗೆ ಬರುವ ಫಲಿತಾಂಶ ಇಷ್ಟೇ ಅದಕ್ಕೆ ಕಾಣುವುದರಿಂದ, ಅಲ್ಲಿ ಹೇಳದೆ ಬಿಟ್ಟದ್ದನ್ನು ಅದು ಊಹೆಯಿಂದ ತುಂಬಿಕೊಳ್ಳುತ್ತದೆ, ಮತ್ತು ಆ ಊಹೆ ಗ್ರಾಹಕರಿಗೆ ಖಚಿತ ಉತ್ತರದಂತೆಯೇ ತಲುಪುತ್ತದೆ. ಆದ್ದರಿಂದ ಟೂಲ್ ಏನು ಮಾಡುತ್ತದೆ ಎಂಬುದರ ಜೊತೆಗೆ, ಏನು ಮಾಡುವುದಿಲ್ಲ ಮತ್ತು ಉತ್ತರ ಸಿಗದಿದ್ದರೆ ಅದಕ್ಕೇನು ಅರ್ಥ ಎಂಬುದನ್ನೂ ಬರೆಯಲೇಬೇಕು.

ಹೆಸರು ಕೆಲಸವನ್ನು ನೇರವಾಗಿ ಸೂಚಿಸಲಿ. ‘ಗೆಟ್ ಡೇಟಾ’ ಎಂಬುದಕ್ಕಿಂತ ‘ಲುಕಪ್ ಆರ್ಡರ್’ ಮೇಲು. ವಿವರಣೆ ಹೀಗಿರಬಹುದು: “ಒಂದು ಆರ್ಡರ್‌ನ ಈಗಿನ ಸ್ಥಿತಿ, ಅದರಲ್ಲಿರುವ ವಸ್ತುಗಳು ಮತ್ತು ಟ್ರ್ಯಾಕಿಂಗ್ ವಿವರವನ್ನು ಕೊಡುತ್ತದೆ. ಗ್ರಾಹಕರು ಈಗಾಗಲೇ ಮಾಡಿರುವ ಆರ್ಡರ್ ಬಗ್ಗೆ ಕೇಳಿದಾಗ ಬಳಸಿ. ಆರ್ಡರ್ ರದ್ದುಪಡಿಸಲು, ವಿಳಾಸ ಬದಲಿಸಲು, ರಿಫಂಡ್ ಕೊಡಲು ಇದರಿಂದ ಸಾಧ್ಯವಿಲ್ಲ. ಆರ್ಡರ್ ಸಂಖ್ಯೆ ಗೊತ್ತಿಲ್ಲದಿದ್ದರೆ ಗ್ರಾಹಕರನ್ನೇ ಕೇಳಿ, ಊಹಿಸಬೇಡಿ.” ಆಂಥ್ರೊಪಿಕ್ 2024ರ ನವೆಂಬರ್‌ನಲ್ಲಿ ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್ (ಎಐಗೆ ಟೂಲ್‌ಗಳನ್ನು ಜೋಡಿಸುವ ಮಾನದಂಡ) ಬಳಸುವವರು, ಟೂಲ್ ಓದುತ್ತದೆಯೇ ಹೊರತು ಏನನ್ನೂ ಬದಲಿಸುವುದಿಲ್ಲ ಎನ್ನುವ ‘ರೀಡ್ ಓನ್ಲಿ ಹಿಂಟ್’ ಎಂಬ ಗುರುತನ್ನೂ ಸೇರಿಸಬಹುದು. ಆದರೆ ಅದು ಸೂಚನೆ ಮಾತ್ರ. ದಾಖಲೆ ಬದಲಾಗದಂತೆ ತಡೆಯುವ ಹೊಣೆ ಸರ್ವರ್‌ನದೇ.

ಇನ್‌ಪುಟ್‌ಗಳಲ್ಲಿ ಆರ್ಡರ್ ಸಂಖ್ಯೆಯನ್ನು, ಅದು ಬರೀ ಅಂಕೆಗಳಿಂದ ಕೂಡಿದ್ದರೂ, ಸ್ಟ್ರಿಂಗ್ (ಅಕ್ಷರಗಳ ಸಾಲು) ಎಂದೇ ಘೋಷಿಸಿ. ನಂಬರ್ ಎಂದು ಘೋಷಿಸಿದರೆ 0012345 ಎಂಬುದು 12345 ಆಗಿಬಿಡುತ್ತದೆ. ಸಂಖ್ಯೆಯ ಮುಂದೆ ಹ್ಯಾಶ್ (#) ಚಿಹ್ನೆ ಸೇರಿಸಬೇಕೋ ಬೇಡವೋ ಎಂಬುದನ್ನು ಉದಾಹರಣೆಯೊಂದಿಗೆ ತಿಳಿಸಿ. ದಿನಾಂಕಗಳಿಗೆ ವರ್ಷ-ತಿಂಗಳು-ದಿನ ಕ್ರಮದ ಐಎಸ್ಒ 8601 ಮಾದರಿಯನ್ನು ಕಡ್ಡಾಯ ಮಾಡಿ. 03/04 ಎಂದರೆ ಮಾರ್ಚ್ 4 ಎಂದು ಒಬ್ಬರು, ಏಪ್ರಿಲ್ 3 ಎಂದು ಇನ್ನೊಬ್ಬರು ಓದುತ್ತಾರೆ, ಆದರೆ 2025-03-04 ಎಂಬುದರಲ್ಲಿ ಆ ಗೊಂದಲವಿಲ್ಲ.

ಹೆಚ್ಚು ಶ್ರಮ ಬೇಡುವುದು ಫಲಿತಾಂಶದ ವಿವರಣೆ. ‘ಶಿಪ್ಡ್’ ಎಂಬ ಒಂದೇ ಸ್ಥಿತಿಯನ್ನು ತೆಗೆದುಕೊಳ್ಳಿ. ಪಾರ್ಸೆಲ್ ಗೋದಾಮಿನಿಂದ ಹೊರಟಿದೆಯೇ, ಅಥವಾ ಕೊರಿಯರ್ ಲೇಬಲ್ ಮಾತ್ರ ಮುದ್ರಣವಾಗಿದೆಯೇ? ಮೂರು ವಸ್ತುಗಳಲ್ಲಿ ಎರಡು ಹೊರಟು ಒಂದು ಉಳಿದಿದ್ದರೂ ಇದೇ ಪದ ಬರುತ್ತದೆಯೇ? ಇದನ್ನು ಬಿಡಿಸಿ ಹೇಳದಿದ್ದರೆ, ಒಂದು ವಸ್ತು ಬಾಕಿ ಇರುವ ಗ್ರಾಹಕರಿಗೂ ಏಜೆಂಟ್ “ಎಲ್ಲವನ್ನೂ ಕಳುಹಿಸಲಾಗಿದೆ” ಎಂದೇ ಹೇಳುತ್ತದೆ. ಬರಬಹುದಾದ ಪ್ರತಿಯೊಂದು ಸ್ಥಿತಿಯನ್ನೂ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಒಂದು ವಾಕ್ಯದ ಅರ್ಥವನ್ನು ಕೊಡಿ. ಮೊತ್ತವನ್ನು ಕರೆನ್ಸಿಯ ಕಿರು ಘಟಕದಲ್ಲಿ (ಪೈಸೆಯಂತೆ) ಕೊಡುತ್ತಿದ್ದರೆ, 1999 ಎಂದರೆ 19.99 ಎಂಬುದನ್ನು ಸ್ಪಷ್ಟವಾಗಿ ನಮೂದಿಸಿ.

ದೋಷಗಳ ವಿಷಯದಲ್ಲಿ ಸಂಕ್ಷೇಪ ಸಲ್ಲದು. ಆರ್ಡರ್ ಸಿಗಲಿಲ್ಲ ಎಂಬುದು ಬೇರೆ, ಹುಡುಕಲು ಆಗಲೇ ಇಲ್ಲ ಎಂಬುದು ಬೇರೆ. ಡೇಟಾಬೇಸ್ ಸಮಯಕ್ಕೆ ಉತ್ತರಿಸದಿದ್ದಾಗ ಖಾಲಿ ಪಟ್ಟಿಯನ್ನು ಹಿಂದಿರುಗಿಸಿದರೆ, ಹಣ ಕಟ್ಟಿದ ವ್ಯಕ್ತಿಗೆ “ಅಂತಹ ಆರ್ಡರ್ ಇಲ್ಲ” ಎಂಬ ಉತ್ತರ ಹೋಗುತ್ತದೆ. ಈ ಟೂಲ್‌ನಿಂದ ಆಗಬಹುದಾದ ತಪ್ಪುಗಳಲ್ಲಿ ಇದಕ್ಕಿಂತ ಕೆಟ್ಟದ್ದು ಕಡಿಮೆ. ಹಾಗಾಗಿ ಪ್ರತಿ ದೋಷದೊಂದಿಗೆ ಏಜೆಂಟ್ ಮುಂದೇನು ಮಾಡಬೇಕು ಎಂಬುದನ್ನೂ ಬರೆಯಿರಿ: 404 (ಸಿಗಲಿಲ್ಲ) ಬಂದರೆ ಸಂಖ್ಯೆಯನ್ನು ಮತ್ತೊಮ್ಮೆ ಪರಿಶೀಲಿಸುವಂತೆ ಗ್ರಾಹಕರನ್ನು ಕೇಳುವುದು, 429 (ಕೋರಿಕೆಗಳು ಮಿತಿ ಮೀರಿವೆ) ಬಂದರೆ ಸ್ವಲ್ಪ ತಡೆದು ಮತ್ತೆ ಪ್ರಯತ್ನಿಸುವುದು, ಸರ್ವರ್ ದೋಷವಾದರೆ ಆರ್ಡರ್ ಇದೆ ಅಥವಾ ಇಲ್ಲ ಎಂದು ಏನನ್ನೂ ಹೇಳದೆ ಸಿಬ್ಬಂದಿಗೆ ಒಪ್ಪಿಸುವುದು.

ಆರ್ಡರ್ ಸಂಖ್ಯೆಗಳು ಅನುಕ್ರಮವಾಗಿದ್ದರೆ ಯಾರು ಬೇಕಾದರೂ ಮುಂದಿನದನ್ನು ಊಹಿಸಬಲ್ಲರು. ಆದ್ದರಿಂದ ಇಮೇಲ್ ವಿಳಾಸದಂತಹ ಎರಡನೆಯ ಗುರುತನ್ನು ಕೇಳಿ, ಅದು ಹೊಂದದಿದ್ದಾಗಲೂ ‘ಸಿಗಲಿಲ್ಲ’ ಎಂಬ ಅದೇ ಉತ್ತರವನ್ನೇ ಕೊಡಿ. ಇಲ್ಲದಿದ್ದರೆ ಆರ್ಡರ್ ಇರುವುದು ಅಪರಿಚಿತರಿಗೆ ಗೊತ್ತಾಗಿಬಿಡುತ್ತದೆ. ಗ್ರಾಹಕರು ಲಾಗಿನ್ ಆಗಿದ್ದರೆ ಅವರ ಗುರುತು ಸೆಷನ್‌ನಿಂದಲೇ ಬರಬೇಕು. ಏಜೆಂಟ್ ತುಂಬುವ ಇನ್‌ಪುಟ್ ಅದಾಗಬಾರದು. ಗ್ರಾಹಕರೇ ಬರೆದ ಉಡುಗೊರೆ ಸಂದೇಶ, ಡೆಲಿವರಿ ಟಿಪ್ಪಣಿಯಂತಹ ಪಠ್ಯದಲ್ಲಿ ಏಜೆಂಟ್‌ನ ದಾರಿ ತಪ್ಪಿಸುವ ಆದೇಶಗಳು ಅಡಗಿರಬಹುದು. ಸಾಫ್ಟ್‌ವೇರ್ ಸುರಕ್ಷತೆಯ ಸಂಸ್ಥೆ ಒವಾಸ್ಪ್‌ನ 2025ರ ಭಾಷಾ ಮಾದರಿ ಅಪಾಯಗಳ ಪಟ್ಟಿಯಲ್ಲಿ ಪ್ರಾಂಪ್ಟ್ ಇಂಜೆಕ್ಷನ್ (ಹೀಗೆ ಆದೇಶಗಳನ್ನು ತೂರಿಸುವುದು) ಮೊದಲ ಸ್ಥಾನದಲ್ಲಿರುವುದನ್ನು ಇಲ್ಲಿ ನೆನೆಯಬೇಕು. ಅಂತಹ ಫೀಲ್ಡ್‌ಗಳು ಅಗತ್ಯವಿಲ್ಲದಿದ್ದರೆ ಫಲಿತಾಂಶದಿಂದಲೇ ತೆಗೆದುಹಾಕಿ. ಅಗತ್ಯವಿದ್ದರೆ ಅವು ಪಾಲಿಸಬೇಕಾದ ಸೂಚನೆಗಳಲ್ಲವೆಂದು ವಿವರಣೆಯಲ್ಲಿ ತಿಳಿಸಿ, ಆದರೆ ಆ ಒಂದು ವಾಕ್ಯವನ್ನೇ ರಕ್ಷಣೆಯೆಂದು ನಂಬಬೇಡಿ.

ಬರೆದಾದ ಮೇಲೆ ಗ್ರಾಹಕರ ನಿಜವಾದ ಪ್ರಶ್ನೆಗಳನ್ನು, ಹೆಸರು ವಿಳಾಸಗಳನ್ನು ತೆಗೆದು, ಏಜೆಂಟ್‌ಗೆ ಕೊಟ್ಟು ನೋಡಿ. ರಿಫಂಡ್ ಕೇಳಿದವರಿಗೂ ಅದು ಈ ಟೂಲ್ ಬಳಸಿ “ರಿಫಂಡ್ ಆಗಿದೆ” ಎಂದರೆ, ಮೊದಲು ತಿದ್ದಬೇಕಾದದ್ದು ವಿವರಣೆಯನ್ನು. ಕೋಡ್‌ನಲ್ಲಿ ಹೊಸ ಸ್ಥಿತಿಯೊಂದನ್ನು ಸೇರಿಸಿದಾಗ ಅದರ ಅರ್ಥವನ್ನೂ ಅದೇ ಬದಲಾವಣೆಯಲ್ಲಿ ಸೇರಿಸಿ, ಎರಡನ್ನೂ ಒಟ್ಟಿಗೇ ಬಿಡುಗಡೆ ಮಾಡಿ.